ಮಿಡಚಿಯ ಹೆಸರಿನಲ್ಲಿ ಉಳಿದ ಕೋಲ್ಮನ್

ಕಳೆದ ಸೀಗಿ ಹುಣ್ಣಿಮೆಗೆ ಸವಣೂರಿನ ಹತ್ತಿರ ಇರುವ ಸೋದರಮಾವನ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಬನ್ನಿಮರದ ನೆರಳಿನಲ್ಲಿ ಎಲ್ಲರೂ ಊಟಕ್ಕೆ ಕೂತಾಗ ನಾನು ಮಾತ್ರ ಜೋಳದ ಸಾಲಿನ ನಡುವೆ ಬೋರಲು ಮಲಗಿದ್ದೆ. ಕೈಯಲ್ಲಿ ಫೋನು, ಅದರ ಕ್ಯಾಮೆರಾಕ್ಕೆ ಸಿಕ್ಕಿಸಿದ ಒಂದು ಪುಟ್ಟ ಮ್ಯಾಕ್ರೊ ಲೆನ್ಸ್. ಕೆಲವು ನೂರು ರೂಪಾಯಿಯ ಈ ಲೆನ್ಸು ನನ್ನ ಏಕೈಕ ಐಷಾರಾಮ. ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಕೂತವನು ಹುಳದ ಫೋಟೊ ತೆಗೆಯುತ್ತಿದ್ದರೆ ಮನೆಯವರು ಏನಂದಾರು ಎಂಬುದನ್ನು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆ ಹುಳಗಳ ಫೋಟೊ ತೆಗೆಯಲು ದಸರಾದಿಂದ ದೀಪಾವಳಿವರೆಗಿನ ಕಾಲವೇ ಒಳ್ಳೆಯದು. ಮುಂಗಾರಿನಲ್ಲಿ ಹುಟ್ಟಿದ ಹುಳಗಳೆಲ್ಲ ಆ ಹೊತ್ತಿಗೆ ಬೆಳೆದು ದೊಡ್ಡವಾಗಿರುತ್ತವೆ. ಬೆಳಗಿನ ಚಳಿಗೆ ಮೈ ಸೆಟೆದು, ಇಬ್ಬನಿ ಹೊತ್ತು, ಬಿಸಿಲು ಬೀಳುವವರೆಗೆ ಕೂತಲ್ಲೇ ಕೂತಿರುತ್ತವೆ. ಶಿಗ್ಗಾವಿ ರಸ್ತೆಯ ಬೇಲಿಗಳಲ್ಲಿ ಬಲೆಯ ನಡುವೆ ಬಿಳಿ ದಾರದಿಂದ ಅಂಕುಡೊಂಕು ಗೆರೆ ಹಾಕಿ ಕೂರುವ ಜೇಡ ಸಿಗುತ್ತದೆ. ಹತ್ತಿಯ ಗಿಡದಲ್ಲಿ ಕಾಲಿನ ತುಂಬ ಮುಳ್ಳಿರುವ, ಬಲೆ ಹೆಣೆಯದೆ ಹಾರಿ ಬೇಟೆ ಹಿಡಿಯುವ ಹಸಿರು ಜೇಡ ಸಿಗುತ್ತದೆ. ನಮ್ಮೂರು ಹಾನಗಲ್ಲ ತಾಲ್ಲೂಕಿನದು. ಅಲ್ಲಿಯ ಅಡಿಕೆ ತೋಟದಲ್ಲಂತೂ ಎರಡು ಮರಗಳ ನಡುವೆ ಬಂಗಾರದ ಬಣ್ಣದ ಬಲೆ ಕಟ್ಟುವ ಅಂಗೈಯಗಲದ ಜೇಡಗಳು. ಲೆನ್ಸ್ ಹತ್ತಿರ ಒಯ್ದಷ್ಟೂ ಫೋಕಸ್ ಸಿಗುವ ಜಾಗ ಕಿರಿದಾಗುತ್ತಾ ಹೋಗುತ್ತದೆ. ಕಣ್ಣು ಸ್ಪಷ್ಟವಾಗಿ ಬಂದರೆ ಮೀಸೆ ಮಸುಕು. ಉಸಿರು ಬಿಗಿಹಿಡಿದು ಇಪ್ಪತ್ತು ಸಲ ಒತ್ತಿದರೆ ಒಂದು ಸರಿ ಬಂದೀತು. ಕೆಲವರು ಹುಳವನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸಿ ಫೋಟೊ ತೆಗೆಯುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಅಕ್ಟೋಬರಿನ ಬೆಳಗು ಅದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ.

ಅವತ್ತು ಜೋಳದ ಎಲೆಯ ಮೇಲೆ ಸಿಕ್ಕಿದ್ದು ಒಂದು ಜೋಡಿ ಮಿಡಚಿ. ದೊಡ್ಡದು ಹೆಣ್ಣು, ಅದರ ಬೆನ್ನೇರಿದ್ದು ಸಣ್ಣ ಗಂಡು. ಓರೆಯಾಗಿ ಇಳಿದ ಚೂಪು ಮೂತಿ. ಬೆನ್ನ ಮೇಲೆ ರೆಕ್ಕೆ ಇರಲಿಲ್ಲ. ಇನ್ನೂ ಮರಿಯಿರಬೇಕು, ರೆಕ್ಕೆ ಆಮೇಲೆ ಬರುತ್ತದೆ ಎಂದುಕೊಂಡು ಮುಂದೆ ಹೋದೆ. ರಾತ್ರಿ ಫೋಟೊ ದೊಡ್ಡದು ಮಾಡಿ ನೋಡುವಾಗ ತಲೆಗೆ ಹೊಳೆಯಿತು: ಮರಿಗಳು ಜೋಡಿಯಾಗುವುದಿಲ್ಲ. ಜೋಡಿಯಾಗಿದೆ ಅಂದರೆ ಇವು ಪೂರ್ತಿ ಬೆಳೆದ ಮಿಡಚಿಗಳೇ, ಇವಕ್ಕೆ ಜೀವಮಾನದಲ್ಲಿ ರೆಕ್ಕೆಯೇ ಬರುವುದಿಲ್ಲ. ಅಲ್ಲಿಂದ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಕೋಲ್ಮೇನಿಯಾ ಸ್ಫೆನಾರಿಯಾಯ್ಡಿಸ್. ದಖ್ಖನ್ನಿನ ರೆಕ್ಕೆರಹಿತ ಮಿಡತೆ. ಎರಡನೆಯ ಪದ, ಇದು ಮೆಕ್ಸಿಕೊದ ಸ್ಫೆನೇರಿಯಮ್ ಎಂಬ ಇನ್ನೊಂದು ರೆಕ್ಕೆ ಇಲ್ಲದ ಮಿಡತೆಯನ್ನು ಹೋಲುತ್ತದೆ ಎಂದು ಹೇಳುತ್ತದೆ. ಆ ಮಿಡತೆಯನ್ನು ಅಲ್ಲಿಯ ಜನ ಹುರಿದು ತಿನ್ನುತ್ತಾರೆ. ಮೊದಲ ಪದ ಒಬ್ಬ ಮನುಷ್ಯನ ಹೆಸರು. ನಮ್ಮ ಎರೆಹೊಲದ ಹುಳಕ್ಕೆ ಹೆಸರು ಕೊಟ್ಟ ಈ ಕೋಲ್ಮನ್ ಯಾರು ಎಂದು ನೋಡಹೋಗಿ ನಾನು ನಮ್ಮ ತೋಟಕ್ಕೇ ವಾಪಸು ಬಂದೆ.

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಹುಟ್ಟಿದ್ದು 1878ರ ಜೂನ್ 16ರಂದು, ಕೆನಡಾದ ಒಂಟಾರಿಯೊದಲ್ಲಿ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದ್ದು 1904ರಲ್ಲಿ, ಅಂದರೆ 26ನೇ ವಯಸ್ಸಿನಲ್ಲಿ. ಇಪ್ಪತ್ತೊಂದಕ್ಕೇ ಡಿಗ್ರಿ ಮುಗಿಸಿ ತಡವಾಯಿತು ಎಂದು ಕೊರಗುವ ನಮಗೆ ಇದು ಸ್ವಲ್ಪ ಸಮಾಧಾನದ ಸಂಗತಿ. ಅಲ್ಲಿಂದ ಜರ್ಮನಿಯ ಗಟಿಂಗೆನ್‌ಗೆ ಹೋಗಿ ಪಿಎಚ್‌.ಡಿ. ಮಾಡಿದರು. ವಿಷಯ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾರಜನಕವನ್ನು ಹೇಗೆ ಮಾರ್ಪಡಿಸುತ್ತವೆ ಎಂಬುದು. ಹುಳಕ್ಕೂ ಅಡಿಕೆಗೂ ಸಂಬಂಧವೇ ಇಲ್ಲದ ಓದು.

1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ವಿಶ್ವೇಶ್ವರಯ್ಯ ಇನ್ನೂ ದಿವಾನರಾಗಿರಲಿಲ್ಲ. ಕೃಷಿ ಸಂಶೋಧನೆ ಎಂದರೆ ಬೆಂಗಳೂರಿನ ಹೊರಗೆ ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆ ಜಮೀನು, ಅಲ್ಲಿ ಮಣ್ಣು ಗೊಬ್ಬರ ಪರೀಕ್ಷಿಸುತ್ತಿದ್ದ ಲೇಮನ್ ಎಂಬ ರಸಾಯನ ವಿಜ್ಞಾನಿ, ಇಷ್ಟೇ. ಕೋಲ್ಮನ್‌ಗೆ ಸಿಕ್ಕ ಹುದ್ದೆಯ ಹೆಸರೇ ವಿಚಿತ್ರ: ಶಿಲೀಂಧ್ರಶಾಸ್ತ್ರಜ್ಞ ಮತ್ತು ಕೀಟಶಾಸ್ತ್ರಜ್ಞ. ಬೂಷ್ಟು ಬಂದರೂ ಅವರೇ, ಹುಳ ಬಿದ್ದರೂ ಅವರೇ. ಒಂದು ಸಂಬಳಕ್ಕೆ ಎರಡು ಕೆಲಸ ಹೇರುವ ಪದ್ಧತಿ ಇವತ್ತಿನದಲ್ಲ ಎಂದಾಯಿತು. ವಯಸ್ಸು 30, ಭಾಷೆ ಬಾರದು, ಇಲ್ಲಿಯ ಬೆಳೆಗಳಲ್ಲಿ ಎಷ್ಟೋ ಅವರು ಅದುವರೆಗೆ ಕಣ್ಣಿಂದಲೇ ನೋಡಿರದವು.

ಆಗ ಮಲೆನಾಡಿನಲ್ಲಿ ದೊಡ್ಡ ಸಂಕಟ ಅಡಿಕೆಯ ಕೊಳೆರೋಗ. ಅಡಿಕೆ ಬೆಳೆಯದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಳೆ ಹಿಡಿದು ಕೂತ ಆಷಾಢ ಶ್ರಾವಣದಲ್ಲಿ ಎಳೆ ಅಡಿಕೆಯ ತೊಟ್ಟಿನ ಹತ್ತಿರ ನೀರಿನಲ್ಲಿ ನೆಂದಂಥ ಕಡುಹಸಿರು ಕಲೆ ಕಾಣುತ್ತದೆ. ನಾಲ್ಕೈದು ದಿನದಲ್ಲಿ ಕಾಯಿ ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು. ಒಂದು ಕೊನೆಯಿಂದ ಪಕ್ಕದ ಕೊನೆಗೆ, ಒಂದು ತೋಟದಿಂದ ಮುಂದಿನ ತೋಟಕ್ಕೆ. ವರ್ಷದ ಬೆಳೆ ಹದಿನೈದು ದಿನದಲ್ಲಿ ನೆಲದ ಮೇಲೆ. ಉಪಾಯವೇ ಇರಲಿಲ್ಲ ಅಂತಲ್ಲ. ಮಳೆಗೆ ಮುಂಚೆ ಮರ ಹತ್ತಿ ಪ್ರತಿ ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು, ಗೊನೆಗೊಂದು ಕೊಡೆ ಇದ್ದ ಹಾಗೆ. ಒಳ್ಳೆಯ ಉಪಾಯವೇ, ಆದರೆ ಸಾವಿರ ಮರ ಇದ್ದವನು ಎಷ್ಟು ಕೊಟ್ಟೆ ಕಟ್ಟಿಸಿಯಾನು?

ಕೋಲ್ಮನ್ ಮಳೆಗಾಲದಲ್ಲೇ ತೋಟಕ್ಕಿಳಿದರು. ರೋಗ ಬಂದ ಕಾಯಿಯ ಮೇಲಿನ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೆ ಕಂಡದ್ದು ಫೈಟಾಫ್ತೊರಾ ಎಂಬ ಜೀವಿಯ ಒಂದು ಬಗೆ. ಇದರ ದಾಯಾದಿಯೇ 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದದ್ದು. ಇದರ ಬೀಜಕಣದ ಪುಟ್ಟ ಚೀಲ ನೀರಿಗೆ ಬಿದ್ದರೆ ಒಡೆದು, ಒಳಗಿಂದ ಬಾಲವಿರುವ ಮರಿಗಳು ಹೊರಬಂದು ಈಜುತ್ತವೆ. ಕಾಯಿಯ ಮೇಲಿನ ಒಂದು ಹನಿ ಅವಕ್ಕೆ ಕೆರೆ ಇದ್ದಂತೆ. ಮಳೆಯ ಸಿಡಿತಕ್ಕೆ ಆ ಹನಿ ಪಕ್ಕದ ಕಾಯಿಗೆ ಹಾರುತ್ತದೆ. ಕೊಳೆ ಯಾಕೆ ಮಳೆಯ ಜತೆಗೇ ಬರುತ್ತದೆ, ಬಿಸಿಲು ಬಂದರೆ ಯಾಕೆ ನಿಲ್ಲುತ್ತದೆ, ಕೊಟ್ಟೆ ಕಟ್ಟಿದರೆ ಯಾಕೆ ಬರುವುದಿಲ್ಲ ಎಂಬ ಮೂರೂ ಪ್ರಶ್ನೆಗೆ ಆ ಒಂದು ಹನಿಯಲ್ಲಿ ಉತ್ತರ ಇತ್ತು. ಅಜ್ಜಂದಿರು ಕಾರಣ ಗೊತ್ತಿಲ್ಲದೆಯೂ ಸರಿಯಾದುದನ್ನೇ ಮಾಡಿದ್ದರು. 1910ರಲ್ಲಿ ಕೋಲ್ಮನ್ ಈ ಅಧ್ಯಯನವನ್ನು ಪ್ರಕಟಿಸಿದರು. ರೋಗಾಣುವಿಗೆ ಅವರು ಇಟ್ಟ ಹೆಸರಿನ ಕೊನೆಯ ಪದದಲ್ಲಿ ಅಡಿಕೆಯೇ ಇದೆ. ರೋಗದ ಹೆಸರನ್ನು ಮಾತ್ರ ಅವರು ಬದಲಿಸಲಿಲ್ಲ. ಇಂಗ್ಲಿಷ್ ಬರಹದಲ್ಲೂ ಜರ್ಮನ್ ಬರಹದಲ್ಲೂ ಕೊಳೆರೋಗ ಎಂದೇ ಬರೆದರು. ಕಾಫಿಯ ಕೊಳೆರೋಗಕ್ಕಂತೂ ಇನ್ನೂ ಹಿಂದೆಯೇ, 19ನೇ ಶತಮಾನದಲ್ಲೇ, ಕೊಳೆರೋಗ ಎಂಬ ನಮ್ಮ ಪದ ಸೇರಿಸಿ ಲ್ಯಾಟಿನ್ ಹೆಸರು ಇಟ್ಟಿದ್ದರು.

ರೋಗದ ಮೂಲ ಗೊತ್ತಾದರೆ ಸಾಲದು. ಫ್ರಾನ್ಸಿನ ಬೋರ್ಡೊ ಪ್ರದೇಶದ ದ್ರಾಕ್ಷಿ ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ, ದಾರಿಹೋಕರು ಹಣ್ಣು ಕೀಳದಿರಲಿ ಎಂದು, ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬಂದಿಲ್ಲ ಎಂಬುದನ್ನು ಗಮನಿಸಿದವರು ಮಿಲಾರ್ಡೆ ಎಂಬ ಪ್ರಾಧ್ಯಾಪಕರು. 1885ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದ ಮೇಲೆ ಬೋರ್ಡೊ ದ್ರಾವಣ ಲೋಕಪ್ರಸಿದ್ಧವಾಯಿತು. ಕೋಲ್ಮನ್ ಅದನ್ನೇ ಅಡಿಕೆಗೆ ತಂದರು. ಆದರೆ ದ್ರಾಕ್ಷಿತೋಟದ ಮಳೆಯೆಲ್ಲಿ, ಮಲೆನಾಡಿನ ಮಳೆಯೆಲ್ಲಿ! ಹೊಡೆದ ಔಷಧಿ ಮಾರನೆಯ ದಿನ ತೊಳೆದುಹೋದರೆ ಏನು ಬಂತು. ಅದಕ್ಕೆ ರಾಳ ಮತ್ತು ಸೋಡಾ ಕುದಿಸಿ ಸೇರಿಸಿ ದ್ರಾವಣ ಕಾಯಿಗೆ ಅಂಟಿಕೊಳ್ಳುವಂತೆ ಮಾಡಿದರು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ತಾಂಬೂಲಕ್ಕೆ ಹಾಕಿಕೊಳ್ಳುವ ಅಡಿಕೆಗೆ ನೀಲಿ ನೀರು ಹೊಡೆಯಿರಿ ಎಂದು ಒಬ್ಬ ಬಿಳಿಯ ಬಂದು ಹೇಳಿದರೆ ನಮ್ಮ ಹಿರಿಯರು ಕೂಡಲೇ ತಲೆಯಾಡಿಸಿರಲಾರರು. ಹೊಡೆದ ತೋಟದಲ್ಲಿ ಕಾಯಿ ಉಳಿದು, ಹೊಡೆಯದ ತೋಟದಲ್ಲಿ ಉದುರಿದ್ದನ್ನು ಕಣ್ಣಾರೆ ಕಂಡ ಮೇಲೆ ಅದು ಮಲೆನಾಡಿನ ತುಂಬ ಹರಡಿತು. ಇವತ್ತಿಗೂ ಮೇ ಕೊನೆಯ ವಾರ ನಮ್ಮ ಕಡೆಯ ತೋಟಗಳಲ್ಲಿ ಹೊಡೆಯುವುದು ಮೂಲದಲ್ಲಿ ಅದೇ.

ಇಲ್ಲಿ ನಮ್ಮ ಮನೆಯ ಕತೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಳೆ ಒಂದೇ ಸಮನೆ ಹಿಡಿದಿತ್ತು. ಅಪ್ಪ ಮೊದಲ ಸಲದ್ದು ಹೊಡೆಸಿದ್ದರು. ಎರಡನೆಯದಕ್ಕೆ ಕೊನೆಗಾರ ಸಿಗಲಿಲ್ಲ, ಸಿಕ್ಕ ದಿನ ಮಳೆ ಬಿಡಲಿಲ್ಲ. ಇಷ್ಟು ದಿನ ಏನೂ ಆಗಿಲ್ಲ, ಇನ್ನೇನು ಆಗುತ್ತದೆ ಎಂದು ನಾನೇ ಅಪ್ಪನಿಗೆ ಧೈರ್ಯ ಹೇಳಿದ್ದೆ. ಫೋನು ಹಿಡಿದು ತೋಟದಲ್ಲಿ ಜೇಡ ಹುಡುಕುತ್ತಾ ಸುತ್ತುವಾಗ ಕಾಲಡಿ ಎರಡೋ ಮೂರೋ ಹಸಿರು ಕಾಯಿ ಬಿದ್ದಿದ್ದವು. ಒಂದರ ತೊಟ್ಟಿನ ಹತ್ತಿರದ ಕಲೆಯ ಫೋಟೊವನ್ನೂ ತೆಗೆದೆ, ಬಣ್ಣ ಚೆನ್ನಾಗಿದೆ ಅಂತ. ಅಪ್ಪನಿಗೆ ತೋರಿಸಲಿಲ್ಲ. ಮುಂದಿನ ಹತ್ತು ದಿನದಲ್ಲಿ ತೋಟದ ಅರ್ಧಕ್ಕಿಂತ ಹೆಚ್ಚು ಕಾಯಿ ನೆಲ ಕಂಡಿತು. ಆ ವರ್ಷ ನಾನು ಬೆಂಗಳೂರಿಗೆ ಕೋಚಿಂಗ್‌ಗೆ ಹೋಗುವ ಮಾತಿತ್ತು. ಹೋಗಲಿಲ್ಲ. ಆ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಫೋಕಸ್ ಎಲ್ಲ ಸರಿಯಾಗಿಯೇ ಇದೆ.

ಹೀಗಾಗಿ ಕೋಲ್ಮನ್ ಕತೆ ಓದುವಾಗ ನನಗೆ ಬೇರೆಯವರ ಮನೆಯ ಕತೆ ಅನ್ನಿಸಲಿಲ್ಲ. ಆ ಕಾಲದಲ್ಲಿ ನಮ್ಮ ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರಿನಲ್ಲಿ ನವಾಬರ ಆಡಳಿತ. ಕೋಲ್ಮನ್ ಸಂಬಳ ತಿಂದದ್ದು ಮೈಸೂರಿನದು. ಆದರೆ ಹಿರೇಕೆರೂರಿನಿಂದ ದಕ್ಷಿಣಕ್ಕೆ ಹೊರಟರೆ ಶಿಕಾರಿಪುರ, ಹಾನಗಲ್ಲದ ಕೆಳಗೆ ಸೊರಬ, ಎರಡೂ ಮೈಸೂರು ಸೀಮೆಯವು. ಕೊಳೆರೋಗಕ್ಕೂ ಮಿಡಚಿಗೂ ಗಡಿಕಲ್ಲು ಓದಲು ಬರುವುದಿಲ್ಲ.

ಮಿಡಚಿಯ ಕೆಲಸವೂ ಅದೇ ವರ್ಷಗಳದು. ಬಯಲುಸೀಮೆಯ ಜೋಳದ ಹೊಲಗಳನ್ನು ಒಂದು ಮಿಡತೆ ಸವರಿ ಹಾಕುತ್ತಿತ್ತು. ಅದು ವಿಜ್ಞಾನಕ್ಕೆ ಹೊಸದು. ಮ್ಯಾಡ್ರಿಡ್‌ನ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಮಿಡತೆ ತಜ್ಞ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಅದನ್ನು ವಿವರಿಸಿ, ಕೋಲ್ಮನ್ ಹೆಸರನ್ನೇ ಇಟ್ಟರು. ಮಾರನೆಯ ವರ್ಷ ಮೈಸೂರು ಕೃಷಿ ಇಲಾಖೆಯಿಂದ ಆ ಮಿಡತೆಯ ಬಗ್ಗೆಯೇ ಒಂದು ಪುಸ್ತಿಕೆ ಬಂತು. ಜೋಳಕ್ಕೆ ಅದರಲ್ಲೂ ಜೋಳ ಎಂದೇ ಹೆಸರು. ಮುಂಗಾರಿನ ಮಳೆಗೆ ಮಣ್ಣಿನೊಳಗಿನ ಮೊಟ್ಟೆ ಒಡೆದು ಜೂನಿನಲ್ಲಿ ಮರಿ ಬರುತ್ತವೆ. ಬೆಳೆಯ ಜತೆಗೇ ಬೆಳೆದು, ಮಳೆ ಹಿಂದಾಗುವ ಹೊತ್ತಿಗೆ ಜೋಡಿಯಾಗಿ, ಹೆಣ್ಣು ಬಾಲ ಮಣ್ಣಿಗೆ ಊರಿ ಮೊಟ್ಟೆಯಿಟ್ಟು ಸಾಯುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ರೆಕ್ಕೆ ಇಲ್ಲದ್ದರಿಂದ ದೂರ ಹೋಗಲಾರದು. ಈ ವರ್ಷ ಎಲ್ಲಿ ಮೊಟ್ಟೆ ಇಟ್ಟಿತೋ ಮುಂದಿನ ವರ್ಷ ಆ ಸುತ್ತಿನಲ್ಲೇ ಕಾಟ. ಹುಳದ ಬದುಕು ಇಷ್ಟು ಗೊತ್ತಾದ ಮೇಲೆ ಉಪಾಯ ಅದರೊಳಗೇ ಸಿಗುತ್ತದೆ: ಮೊಟ್ಟೆ ಬಿಸಿಲಿಗೆ ಬೀಳುವಂತೆ ನೇಗಿಲು ಹೊಡೆಯುವುದು, ಮರಿಯಿದ್ದಾಗಲೇ ಬಟ್ಟೆಯ ಚೀಲಬಲೆಯಿಂದ ಬಾಚಿ ಹಿಡಿಯುವುದು. ಆಗ ಇವತ್ತಿನಂತೆ ಡಬ್ಬಿಯ ವಿಷ ಇರಲಿಲ್ಲ. ಹುಳ ಎಲ್ಲಿ ಮಲಗುತ್ತದೆ, ಯಾವಾಗ ಏಳುತ್ತದೆ ಎಂದು ನೋಡುವುದೊಂದೇ ದಾರಿ.

ಈ ಕೆಲಸದಲ್ಲಿ ಅವರ ಜತೆಗಿದ್ದವರು ಕಣ್ಣೂರಿನ ಕೆ. ಕುಂಞಿ ಕಣ್ಣನ್. ಕೋಲ್ಮನ್ ಬಂದ ವರ್ಷವೇ ಸಹಾಯಕರಾಗಿ ಸೇರಿದ 24ರ ಯುವಕ. ಹುಳ ಹಿಡಿಯುತ್ತಾ, ಸಾಕುತ್ತಾ, ಬರೆಯುತ್ತಾ ಕಲಿತು, ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌.ಡಿ. ಪಡೆದು, ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರ ಹುದ್ದೆಗೇರಿದ ಮೊದಲ ಭಾರತೀಯ ಅವರು. 1931ರಲ್ಲಿ, ಇನ್ನೂ 46 ವರ್ಷದವರಿರುವಾಗ ತೀರಿಕೊಂಡರು. ಅವರ ಬಗ್ಗೆಯೇ ಬೇರೆ ಲೇಖನ ಬೇಕು.

ಮುಂದಿನದನ್ನು ಬೇಗ ಹೇಳುತ್ತೇನೆ. ಯಾಕೆಂದರೆ ಹುದ್ದೆ ಏರಿದಷ್ಟೂ ಅವರ ಬದುಕಿನ ಕತೆ ಕಟ್ಟಡಗಳ ಕತೆಯಾಗುತ್ತದೆ. ಸಂಸ್ಥಾನದ ಕೃಷಿ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು; ಅದು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು. ಗಂಧದ ಮರಗಳನ್ನು ಒಣಗಿಸುತ್ತಿದ್ದ ಸ್ಪೈಕ್ ರೋಗ ಕಸಿಯ ಮೂಲಕ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು 1917ರ ಹೊತ್ತಿಗೆ ತೋರಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ನಡುವೆ ಕೆಲವು ವರ್ಷ ಕೆನಡಾಕ್ಕೆ ಹೋಗಿ ಪುನಃ ಬಂದರು. ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯಕ್ಕೆ ಹರಿದಾಗ ಆ ನೀರಿನಲ್ಲಿ ಕಬ್ಬು ಬೆಳೆಯಬೇಕು, ಬೆಳೆದ ಕಬ್ಬಿಗೆ ಅಲ್ಲೇ ಕಾರ್ಖಾನೆ ಬೇಕು ಎಂದು ಓಡಾಡಿದವರಲ್ಲಿ ಮುಂದಿದ್ದವರು ಅವರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಾಲೆಯ ಹೆಸರು ಎಲ್ಲರಿಗೂ ಗೊತ್ತು. ಕಬ್ಬಿನ ಹಿಂದಿನ ಹೆಸರು ನಾನು ಓದಿದ ಯಾವ ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನಲ್ಲೂ ಸಿಕ್ಕಿಲ್ಲ.

1934ರಲ್ಲಿ ನಿವೃತ್ತಿ. ಇಷ್ಟೆಲ್ಲ ಮಾಡಿದ ನಿರ್ದೇಶಕರು ಕೆನಡಾಕ್ಕೆ ಹೋಗಿ ಏನು ಮಾಡಿದರು ಗೊತ್ತೇ? ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತರು. ಸಸ್ಯಕೋಶದೊಳಗಿನ ವರ್ಣತಂತುಗಳು ಕೋಶ ಒಡೆಯುವಾಗ ಹೇಗೆ ಸುರುಳಿ ಸುತ್ತಿಕೊಳ್ಳುತ್ತವೆ ಎಂಬುದನ್ನು ನೋಡತೊಡಗಿದರು. 1941ರಲ್ಲಿ, 60 ದಾಟಿದ ಮೇಲೆ, ಆ ವಿಷಯದಲ್ಲಿ ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದರು. ಇಲಾಖೆ, ಕಡತ, ಕಾರು ಎಲ್ಲ ಬಿಟ್ಟ ಮೇಲೆ ಆ ಮನುಷ್ಯ ವಾಪಸು ಹೋದದ್ದು ಮಸೂರದ ಹತ್ತಿರಕ್ಕೆ ಎಂಬುದು ನನಗೆ ಅವರ ಬದುಕಿನಲ್ಲಿ ಬಹಳ ಇಷ್ಟವಾದ ಸಂಗತಿ. 1954ರ ಸೆಪ್ಟೆಂಬರ್ 14ರಂದು ತೀರಿಕೊಂಡರು. 76 ವರ್ಷ.

ಅವರ ಕಾಲದಲ್ಲಿ ಹುಳದ ಚಿತ್ರ ಎಂದರೆ ಒಂದು ಕಣ್ಣು ಮಸೂರದಲ್ಲಿ, ಒಂದು ಕೈ ಪೆನ್ಸಿಲಿನಲ್ಲಿ. ಕಾಲಿನ ಮುಳ್ಳು ಎಷ್ಟು, ಮೀಸೆಯ ಗಂಟು ಎಷ್ಟು ಎಂದು ಎಣಿಸದೆ ಗೆರೆ ಎಳೆಯುವಂತಿರಲಿಲ್ಲ. ನನ್ನ ಫೋನು ಅವನ್ನೆಲ್ಲ ಒಂದು ಕ್ಷಣದಲ್ಲಿ ಹಿಡಿಯುತ್ತದೆ, ಹಾಗಾಗಿಯೇ ನಾನು ಎಣಿಸುವುದಿಲ್ಲ. ಈಚೆಗೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರತಿ ಫೋಟೊಗೆ ದಿನ, ಊರು, ಯಾವ ಬೆಳೆ, ಎಲೆಯ ಮೇಲೋ ಕೆಳಗೋ, ಏನು ಮಾಡುತ್ತಿತ್ತು ಎಂದು ಹಳೆಯ ನೋಟುಬುಕ್ಕಿನಲ್ಲಿ ಒಂದು ಸಾಲು ಬರೆಯುವುದು. ಕಲೆಯಿರುವ ಕಾಯಿ ಕಂಡರೆ ಮೊದಲು ಅಪ್ಪನಿಗೆ ತೋರಿಸುವುದು, ಫೋಟೊ ಆಮೇಲೆ. ಈಗ ಮೇ ತಿಂಗಳಲ್ಲಿ ದ್ರಾವಣ ಕಲಸುವವನು ನಾನೇ. ಪ್ಲಾಸ್ಟಿಕ್ ಬ್ಯಾರಲ್‌ನಲ್ಲಿ ಸುಣ್ಣದ ತಿಳಿ, ಅದಕ್ಕೆ ಮೈಲುತುತ್ತದ ನೀರು. ನೂರು ಲೀಟರಿಗೆ ಎರಡೂ ಒಂದೊಂದು ಕಿಲೊ. ಹೊಳೆಯುವ ಕುಡುಗೋಲಿನ ತುದಿ ಅದ್ದಿ ನೋಡಬೇಕು. ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ.

ಮಾವನ ಹೊಲದ ಸುತ್ತ ಈಗ ಎಲ್ಲ ಗೋವಿನಜೋಳ, ಹತ್ತಿ. ಬಿಳಿಜೋಳ ಬಿತ್ತುವವರು ಕಡಿಮೆ. ಮಾವ ಎತ್ತಿನ ಮೇವಿಗೆ, ಮನೆಯ ರೊಟ್ಟಿಗೆ ಅಂತ ಒಂದು ಪಟ್ಟಿ ಬಿತ್ತುತ್ತಾನೆ. ಆ ಮಿಡಚಿ ಸಿಕ್ಕಿದ್ದು ಆ ಪಟ್ಟಿಯಲ್ಲೇ. ಹೆಣ್ಣು ಮಣ್ಣಿಗೆ ಬಾಲ ಊರುವುದನ್ನು ಫೋಟೊ ತೆಗೆಯಬೇಕೆಂದು ದೀಪಾವಳಿಯವರೆಗೆ ಮೂರು ಸಲ ಹೋಗಿ ಬಂದೆ, ಸಿಗಲಿಲ್ಲ. ಮೊಟ್ಟೆಯಾದರೂ ಸಿಕ್ಕೀತು, ರಾಶಿ ಆದ ಮೇಲೆ ಒಂದೆರಡು ಸಾಲು ನೇಗಿಲು ಹೊಡೆಯದೆ ಬಿಡು ಮಾವಾ ಎಂದು ಕೇಳಿಕೊಂಡೆ. ಹುಳದ ಮೊಟ್ಟೆಗೆ ಹೊಲ ಬಿಡು ಅನ್ನುವವನು ನೀನೊಬ್ಬನೇ ಎಂದು ನಕ್ಕು, ಬದುವಿನ ಅಂಚಿನವರೆಗೂ ರಂಟೆ ಹೊಡೆದ. ಹಿಂದಿನಿಂದ ಗೊರವಂಕಗಳ ಹಿಂಡೇ ಬಂದಿತ್ತು. ಮಾವ ಮಾಡಿದ್ದೇ ಸರಿ, ಪುಸ್ತಿಕೆಯ ಉಪಾಯವೂ ಅದೇ. ಬೇಲಿಯ ಕಡೆ ನೇಗಿಲು ಮುಟ್ಟದ ಒಂದು ಮೊಳ ಜಾಗ ಉಳಿದಿದೆ. ಜೂನಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ಹೋಗಿ ನೋಡಬೇಕು.